ಕೌದಿಯ ಮೂಲೆಯ ರೊಟ್ಟಿ

ಗಡಿ ದಾಟಿ ಬಂದವರಿಗೆ ಏನಾದರೂ ಕಳಿಸುವ ಮನಸ್ಸಿದ್ದರೆ, ಅಲ್ಲಿ ಇಲಿಗಳ ಕಾಟ ಎಷ್ಟಿದೆ ಎಂದು ಮೊದಲು ಕೇಳಿ. ನಗಬೇಡಿ, ಪೆಟ್ಟು ತಿಂದವಳು ಹೇಳುತ್ತಿದ್ದೇನೆ.

ಹಳೆ ಸೀರೆ ತೆಗೆದುಕೊಂಡು ಸ್ಟೀಲ್ ಪಾತ್ರೆ ಕೊಡುವುದು ನನ್ನ ಕಸುಬು. ಬೆಟಗೇರಿ, ಲಕ್ಷ್ಮೇಶ್ವರ, ಶಿರಹಟ್ಟಿಯ ಓಣಿಗಳಲ್ಲಿ ಬುಟ್ಟಿ ಹೊತ್ತು ಬೆಳೆದವಳು ನಾನು. ಒಂದು ಪಾತ್ರೆಗೆ ಐದು ಸೀರೆ ಕೇಳಬೇಕು, ನಾಲ್ಕಕ್ಕೆ ಇಳಿಯಬೇಕು, ಮೂರೇ ಎಂದರೆ ಬುಟ್ಟಿ ಎತ್ತಿ ಹೊರಡಬೇಕು. ಈಗ ಮುಂಡರಗಿಯಲ್ಲಿ ಹತ್ತು ಹೆಣ್ಣುಮಕ್ಕಳನ್ನು ಕೂರಿಸಿ ಆ ಸೀರೆಗಳಿಂದ ಕೌದಿ ಹೊಲಿಸುತ್ತೇನೆ. ಬರ್ಮಾದ ಕಾಳಗಕ್ಕೆ ಹೆದರಿ ಸಾವಿರಾರು ಜನ ಹೊಳೆ ದಾಟಿ ಮಿಜೋರಾಮಿನ ಗುಡ್ಡಗಳಿಗೆ ಬಂದಿದ್ದರು. ಅವರಿಗೆ ಹೊದೆಯಲು ಮುನ್ನೂರು ಕೌದಿ ಬೇಕೆಂದು ಪರಿಹಾರ ಸಂಸ್ಥೆಯೊಂದು ಕೇಳಿತು. ಮಾಲು ಕಣ್ಣೆದುರಿಗೆ ಇಳಿಯದೆ ನಂಬುವವಳಲ್ಲ ನಾನು, ಜೊತೆಗೇ ಹೋದೆ.

ನಮ್ಮ ಕಡೆ ಕೌದಿಯ ಕೊನೆಯ ಮೂಲೆ ಮುಚ್ಚುವ ಮೊದಲು ಒಳಗೊಂದು ರೊಟ್ಟಿಯ ಚೂರು ಇಟ್ಟು ಹೊಲಿಯುತ್ತಾರೆ. ಕೌದಿ ಹಸಿದಿರಬಾರದು. ಅದು ಎಷ್ಟು ರೂಢಿಯೆಂದರೆ, ಬೇಡವೆನ್ನುವುದು ನನಗೆ ಹೊಳೆಯಲೇ ಇಲ್ಲ. ಶಿಬಿರದ ಗೋದಾಮಿನಲ್ಲಿ ಎರಡು ದಿನ ಇದ್ದುದಕ್ಕೇ ಇಲಿಗಳು ಮೂಲೆ ಕಡಿಯತೊಡಗಿದವು. ಗೋದಾಮಿನವನು ಹಿಂದಿಯಲ್ಲಿ ಹೇಳಿದ: ಸಂಜೆ ಲಾರಿ ಮರಳುವುದರೊಳಗೆ ಎಲ್ಲವನ್ನೂ ಬಿಚ್ಚಿ ತಿನಿಸು ತೆಗೆದರೆ ಹಂಚುತ್ತೇನೆ, ಇಲ್ಲದಿದ್ದರೆ ಮಾಲು ವಾಪಸ್.

ನಮ್ಮ ಹೊಲಿಗೆಯ ಹಿರಿಯಾಕೆಗೆ ಫೋನ್ ಹಚ್ಚಿದೆ.

"ಯಕ್ಕಾ, ರೊಟ್ಟಿ ಯಾಕ ಹಾಕಿದ್ರಿ?"

"ಹಾಕಬ್ಯಾಡ ಅಂತ ನೀ ಎಲ್ಲಿ ಹೇಳಿದಿ? ಊರು ಬಿಟ್ಟು ಬಂದ ಮಂದಿಗೆ ಹಸದ ಕೌದಿ ಕಳಸೂಣೇನು?"

"ಇಲಿ ಕಡ್ಯಾಕ ಹತ್ಯಾವ."

"ಅಲ್ಲಿ ಇಲಿಗೂ ನಮ್ಮ ರೊಟ್ಟಿ ರುಚಿ ಗೊತ್ತಾತು ಹಂಗಾರ!"

ಎಂಟು ದಿನಗಳಲ್ಲಿ ಕಿವಿಗೆ ಬಿದ್ದ ಮೊದಲ ಕನ್ನಡ ಅದು. ಸಿಟ್ಟು ಬಂದಿದ್ದರೂ ಇನ್ನಷ್ಟು ಬೈಯಲಿ, ನಗಲಿ ಅನ್ನಿಸಿತು. ಅಷ್ಟರಲ್ಲಿ ನೆಟ್‌ವರ್ಕ್ ಹೋಯಿತು.

ಗೋದಾಮಿನ ಮುಂದೆ ಒಬ್ಬಳೇ ಬ್ಲೇಡು ಹಿಡಿದು ಕುಳಿತೆ. ಮುನ್ನೂರು ಮೂಲೆ. ತಾಡಪತ್ರಿ ಗುಡಿಸಲುಗಳ ಹೆಂಗಸರು ದೂರ ನಿಂತು ನೋಡಿದರು. ಸಹಾಯ ಕೇಳಲು ಭಾಷೆಯಿಲ್ಲ, ಬದಲಿಗೆ ಕೊಡಲು ಕೈಯಲ್ಲಿ ಏನೂ ಇಲ್ಲ. ಅಂಥ ವ್ಯವಹಾರ ನಾನು ಜನ್ಮದಲ್ಲಿ ಮಾಡಿರಲಿಲ್ಲ.

ಬೆನ್ನಿಗೆ ಕೂಸು ಕಟ್ಟಿಕೊಂಡಿದ್ದ ಒಬ್ಬಳು ಬಂದು ಪಕ್ಕದಲ್ಲಿ ಕುಳಿತಳು. ಕೂಸಿನ ಮೇಲೆ ತೆಳ್ಳನೆಯ ಬಟ್ಟೆಯೊಂದೇ, ಅದರ ತುಟಿ ನೀಲಿಗಟ್ಟಿತ್ತು. ನನ್ನ ಕೈ ನೋಡಿ ಕಲಿತಳು: ಎರಡು ಹೊಲಿಗೆ ಬಿಚ್ಚು, ಚೂರು ತೆಗೆ, ಗಂಟು ಹಾಕು. ಆಮೇಲೆ ಮತ್ತೆ ನಾಲ್ಕೈದು ಜನ ಬಂದರು. ಅವರವರಲ್ಲೇ ಏನೋ ಆಡಿಕೊಂಡು ನಕ್ಕರು. ನಾನೂ ನಕ್ಕೆ, ಯಾಕೆಂದು ತಿಳಿಯದೆ. ಲಾರಿಯವನು ಹಾರ್ನ್ ಹೊಡೆಯುವ ಹೊತ್ತಿಗೆ ಕೊನೆಯ ಮೂಲೆ ಮುಗಿಯಿತು.

ಪಟ್ಟಿಯ ಪ್ರಕಾರ ಹಂಚಿಕೆ ನಡೆಯಿತು. ಕೂಸಿನ ತಾಯಿಯ ಹೆಸರು ಪಟ್ಟಿಯಲ್ಲಿರಲಿಲ್ಲ. ಹಿಂದಿನ ದಿನವಷ್ಟೇ ಹೊಳೆ ದಾಟಿದ್ದಳಂತೆ.

ಬಂದಷ್ಟು ಹಿಂದಿಯಲ್ಲಿ ಗೋದಾಮಿನವನೊಡನೆ ಜಗ್ಗಾಡಿದೆ. "ಒಬ್ಬಳಿಗೆ ಕೊಟ್ಟರೆ ನಾಳೆ ನೂರು ಜನ ಇದೇ ಬಾಗಿಲಲ್ಲಿ ನಿಲ್ಲುತ್ತಾರೆ" ಎಂದ. ಅವನ ಜಾಗದಲ್ಲಿದ್ದರೆ ನಾನೂ ಅದನ್ನೇ ಹೇಳುತ್ತಿದ್ದೆ.

ನನ್ನ ಹಾಸಿಗೆಯ ಗಂಟಿನಲ್ಲಿ ನನ್ನದೇ ಕೌದಿಯಿತ್ತು. ಮನೆಯಲ್ಲಿ ಒಬ್ಬಳೇ ಇರುವವಳು, ಬಿಡುವಾದಾಗಲೆಲ್ಲ ಕೂತು ನನಗೇ ಹೊಲಿದುಕೊಂಡದ್ದು. ತಂದು ಅವಳ ಕೈಗೆ ಕೊಟ್ಟೆ.

ಅವಳು ಕೂಸಿಗೆ ಅದನ್ನು ತಕ್ಷಣ ಹೊದಿಸಲಿಲ್ಲ. ಮೂಲೆಗಳನ್ನು ಒಂದೊಂದಾಗಿ ಬೆರಳಲ್ಲಿ ಒತ್ತಿ ನೋಡಿದಳು. ಬೆರಳಿಗೆ ಗಟ್ಟಿಯೆನಿಸಿದ ಮೂಲೆಯ ಎರಡು ಹೊಲಿಗೆಯನ್ನು ಹಲ್ಲಿನಿಂದ ಬಿಚ್ಚಿ, ನಾನು ಕಲಿಸಿದ ಹಾಗೆಯೇ ಗಂಟು ಹಾಕಿದಳು. ಹೊರಬಂದ ಜೋಳದ ರೊಟ್ಟಿಯ ಚೂರನ್ನು ನನ್ನ ಅಂಗೈಯಲ್ಲಿಟ್ಟಳು. ಆಮೇಲೆ ಕೂಸನ್ನು ಸುತ್ತಿಕೊಂಡು ಗುಡಿಸಲುಗಳ ಕಡೆ ಇಳಿದು ಹೋದಳು.