ದಿಲಾವರನ ಕಟ್ಟೆ, ಜಯತೀರ್ಥನ ಗೆರೆ

ಸವಣೂರಿನ ಜಯತೀರ್ಥನಿಗೆ ನಡೆಯುವುದೆಂದರೆ ಆಗದು. ಓಣಿಯ ಮೂಲೆಯಿಂದ ಬೆಂಕಿಪೊಟ್ಟಣ ತರಲಿಕ್ಕೂ ಸ್ಕೂಟರಿಗೆ ಕಿಕ್ ಹೊಡೆಯುವ ಮನುಷ್ಯ. ಇಂಥವನನ್ನೇ ಹುಡುಕಿ, ಊರ ಹೊರಗೆ ಬೆಳೆಯುತ್ತಿದ್ದ ಹೊಸ ಬಡಾವಣೆಯ ‘ನಡಿಗೆ ಪೇಟೆ’ ಸಮಿತಿಗೆ ಸಲಹೆಗಾರನನ್ನಾಗಿ ಮಾಡಿದರು. ಮಾಡಿದವರದೇನೂ ತಪ್ಪಿಲ್ಲ ಬಿಡಿ. ಸರಕಾರಿ ನೌಕರಿಯಲ್ಲಿ ನಕಾಶೆ ಬರೆದೇ ನಿವೃತ್ತನಾದವನು. ಅವನಷ್ಟು ನೆಟ್ಟಗೆ ಗೆರೆ ಎಳೆಯುವವರು ಊರಲ್ಲಿ ಮತ್ತೊಬ್ಬರಿರಲಿಲ್ಲ.

“ಹಾಲು ತರ್ಲಿಕ್ಕೆ ಸ್ಕೂಟರ್ ಬೇಕು, ಊರ ಮಂದೀನ್ನ ನಡಸ್ಲಿಕ್ಕೆ ಹೊಂಟಾರ!” ಎಂದು ಹೆಂಡತಿ ಮನೋರಮಾ ನಕ್ಕಳು. ಜಯತೀರ್ಥ ಕೇಳಿಸದವನಂತೆ ಪೆನ್ಸಿಲ್ ಕೆತ್ತಿದ.

ಅವನ ನಕಾಶೆಯಲ್ಲಿ ಪೇಟೆ ಹೀಗಿತ್ತು: ಕೆಳಗೆ ಅಂಗಡಿ, ಮೇಲೆ ಮನೆ, ಎದುರಿಗೆ ಅಗಲವಾದ ಕಾಲುದಾರಿ. ಶಾಲೆ, ದವಾಖಾನೆ, ಕಿರಾಣಿ ಎಲ್ಲವೂ ನಡೆದು ಹೋಗುವಷ್ಟು ಹತ್ತಿರ. ಗಾಡಿಗಳಿಗೆ ಒಳಗೆ ಪ್ರವೇಶವಿಲ್ಲ. ಇದನ್ನೆಲ್ಲ ಅವನು ಮೊದಲು ವಿವರಿಸಿದ್ದು ದಿಲಾವರನಿಗೆ. ದಿಲಾವರ ವೀಳ್ಯದೆಲೆಯ ವ್ಯಾಪಾರಿ, ಜಯತೀರ್ಥನ ಶಾಲೆಯ ಗೆಳೆಯ. ಪೇಟೆ ಬರಲಿದ್ದ ಹಳೆಯ ಕೂಡುರಸ್ತೆಯಲ್ಲೇ ಅವನ ಅಂಗಡಿ, ಅದರ ಮೇಲೆ ಅವನ ಸಂಸಾರ.

“ಕೆಳಗ ಅಂಗಡಿ, ಮ್ಯಾಲ ಮನಿ. ಇದಕ್ಕ ಇಷ್ಟು ದೊಡ್ಡ ಹಾಳಿ ಬೇಕಾತೇನು? ನಮ್ಮ ಅಬ್ಬಾ ಹಾಳಿ ಇಲ್ದ ಕಟ್ಟಿದ್ದ.”

“ಇದು ಶಾಸ್ತ್ರೀಯ ಅದ ಲೇ.”

“ಹಂಗಾರ ತಗೋ, ಶಾಸ್ತ್ರಕ್ಕೊಂದು ಎಲಿ.”

ಅಂಗಡಿಯ ಮುಂದೊಂದು ಕಲ್ಲಿನ ಕಟ್ಟೆ. ಸಂಜೆಯಾದರೆ ಅದು ಜಯತೀರ್ಥನ ಜಾಗ. ಮಗಳ ಮದುವೆಯ ಮಾತು ಮುರಿದ ದಿನ ಅವನು ಬಂದು ಕೂತದ್ದು ಅಲ್ಲಿ. ತಾಯಿ ತೀರಿಕೊಂಡು ಸೂತಕ ಕಳೆದ ಸಂಜೆ ಕೂತದ್ದೂ ಅಲ್ಲಿಯೇ. ದಿಲಾವರ ಎಲೆಯ ತೊಟ್ಟು ಮುರಿದು, ಅದರ ಬೆನ್ನಿಗೆ ಸುಣ್ಣ ಸವರಿ, ಏನೂ ಕೇಳದೆ ಕೊಡುತ್ತಿದ್ದ. ಆ ಕಟ್ಟೆಯಿಲ್ಲದ ಸಂಜೆ ಹೇಗಿದ್ದೀತೆಂದು ಜಯತೀರ್ಥ ಎಂದೂ ಯೋಚಿಸಿದವನಲ್ಲ.

ಹಾಗಿದ್ದೂ ಅದೇ ಕಟ್ಟೆಯ ಮೇಲೆ ನಕಾಶೆ ಹರವಿ, ಹಾರದಂತೆ ಮೂಲೆಗಳಿಗೆ ದಿಲಾವರನ ಅಡಿಕೆ ಇಟ್ಟು, ಕೆಂಪು ಗೆರೆ ಎಳೆದ. ಗೆರೆಯಾಚೆ ಚಾಚಿದ ಕಟ್ಟೆಗಳೆಲ್ಲ ಅತಿಕ್ರಮಣ. “ಮಂದಿ ನಡೀಬೇಕ್ರಿ, ಕೂಡಬಾರದು. ಕೂತ್ರ ಊರು ಮುಂದ ಹೋಗೂದಿಲ್ಲ,” ಎಂದು ಸಮಿತಿಯಲ್ಲಿ ಹೇಳಿ ಚಪ್ಪಾಳೆಯನ್ನೂ ಗಿಟ್ಟಿಸಿದ. ತಾನು ಕೂತ ಕಲ್ಲನ್ನೇ ಗೆರೆ ಸೀಳಿದ್ದು ಅವನಿಗೆ ಕಾಣಲಿಲ್ಲವೇ? ಕಂಡಿತ್ತು. ಆದರೆ ನಮ್ಮ ಕಡೆ ಕಾಯದೆ ಮಾಡುವುದು ಊರಿಗೆ. ಗುರುತಿನವರ ಬಾಗಿಲಿಗೆ ಬಂದಾಗ ಅದು ತಾನಾಗಿಯೇ ಒಂಚೂರು ಬಾಗುತ್ತದೆ ಎಂದು ಎಲ್ಲರ ನಂಬಿಕೆ. ಜಯತೀರ್ಥನೂ ಆ ನಂಬಿಕೆಯಲ್ಲೇ ಬೆಳೆದವನು.

ಬಾಗಲಿಲ್ಲ. ಜೆಸಿಬಿ ಬಂದು ಸಾಲಿಗೆ ಸಾಲೇ ಕಟ್ಟೆಗಳನ್ನು ಎಬ್ಬಿಸಿತು. ಜಯತೀರ್ಥ ಓಡಿ ಬಂದ, ಅಂದರೆ ಸ್ಕೂಟರಿನ ಮೇಲೆ. “ಅದೊಂದು ಬಿಡ್ರಿ, ಅದು ನಮ್ದು!” ಗುತ್ತಿಗೆದಾರ ಕೈಮುಗಿದ. “ನಿಮ್ಮ ಗೆರೀನ ಹಿಡ್ಕೊಂಡು ಬಂದೀವ್ರಿ ಸರ.”

ದಿಲಾವರ ಜಗಳ ತೆಗೆಯಲಿಲ್ಲ. ತೆಗೆದಿದ್ದರೆ ಎಷ್ಟೋ ಚಲೋ ಇತ್ತು. ಮರುದಿನ, “ಏನ್ ಬೇಕ್ರಿ ಸಾಹೇಬ್ರ?” ಎಂದು ಎಲೆಯನ್ನು ಕಾಗದದಲ್ಲಿ ಕಟ್ಟಿ ಕೊಟ್ಟ. ಸುಣ್ಣ ಬೇರೆ ಪೊಟ್ಟಣದಲ್ಲಿ. ಆ ಎಲೆ ಜಯತೀರ್ಥನಿಗೆ ಸೇರಲಿಲ್ಲ.

ಪೇಟೆಯ ಉದ್ಘಾಟನೆಯಾಯಿತು. ನೆಲ ಫಳಫಳ, ಸಸಿಗಳಿಗೆ ಕಬ್ಬಿಣದ ಪಂಜರ. ಮಂದಿ ಬಂದರು, ಸಾಮಾನು ಕೊಂಡರು, ಹೋದರು. ಕೂರಲು ಜಾಗವಿಲ್ಲದ ಕಡೆಗೆ ನಡೆದು ಹೋಗಿ ಮಾಡುವುದಾದರೂ ಏನು? ಸಂಜೆ ಅಲ್ಲಿ ನಡೆಯುತ್ತಿದ್ದವನು ಜಯತೀರ್ಥನೊಬ್ಬನೇ. ಸ್ಕೂಟರಿಗೆ ಪ್ರವೇಶವಿಲ್ಲವೆಂದು ಅವನೇ ಬರೆದಿದ್ದನಲ್ಲ! ಒಮ್ಮೆಯಾದರೂ ಹಳೆಯ ಹಾಗೆ ಕರೆದಾನೇ ಎಂದು ದಿಲಾವರನ ಅಂಗಡಿಯ ಮುಂದೆ ಆಚೆಯಿಂದ ಈಚೆ, ಈಚೆಯಿಂದ ಆಚೆ, ಮೊಣಕಾಲು ಒತ್ತಿಕೊಳ್ಳುತ್ತ ತಿರುಗುತ್ತಿದ್ದ. ಸಕ್ಕರೆ ಕಾಯಿಲೆ ಬಂದಿರಬೇಕು ಪಾಪ ಎಂದು ಊರು ಮರುಗಿತು. ಸಮಿತಿಯವರು ಮಾತ್ರ ಹಿಗ್ಗಿ, ಅವನ ಫೋಟೋ ತೆಗೆಸಿ ಪೇಟೆಯ ಬಾಗಿಲಲ್ಲಿ ಆಳೆತ್ತರದ ಫಲಕ ನಿಲ್ಲಿಸಿದರು: ‘ಬನ್ನಿ, ನಡೆಯೋಣ!’

ಫಲಕ ನಿಂತ ಸಂಜೆ ದಿಲಾವರ ಹೋಗಿ ನೋಡಿ ಬಂದ. ನಕ್ಕ, ನಕ್ಕು ನಕ್ಕು ಕೆಮ್ಮಿದ.

“ಲೇ ಜೈತೀರ್ಥ, ಅದ್ರಾಗ ನಿನ್ನ ಮಾರಿ ನೋಡೀಯೇನು? ಹುಬ್ಬಳ್ಳಿ ಬಸ್ ತಪ್ಪಿದವ್ರ ಹಂಗ ಐತಿ. ಬಾ ಇಲ್ಲೆ.”

ಅಂಗಡಿಯ ಪಕ್ಕದಲ್ಲೇ ಮೇಲಿನ ಮನೆಗೆ ಹೋಗುವ ಮೆಟ್ಟಿಲು. ಕೆಳಗಿನ ಮೆಟ್ಟಿಲ ಮೇಲೆ ಇಷ್ಟು ದಿನವೂ ಎಲೆಯ ಬುಟ್ಟಿ ಇರುತ್ತಿತ್ತು. ಅದನ್ನು ಸರಿಸಿದ. “ಕುಂದ್ರು.”

ಜಯತೀರ್ಥ ಕೂತ. ಊರಿದ ಅಂಗೈಗೆ ಕಲ್ಲಿನ ಸವಕಲು ಗುರುತು ಸಿಕ್ಕಿತು. ಅಂಚಿನಲ್ಲಿ, ವರ್ಷಗಟ್ಟಲೆ ತಾನೇ ಬೆರಳು ಒರೆಸಿ ಮಾಡಿದ ಸುಣ್ಣದ ಕಲೆ. ಅಯ್ಯ, ಇದು ಕಟ್ಟೆಯ ಕಲ್ಲು!

“ಒಡದ ದಿನಾನ ಎತ್ತಿ ಇಲ್ಲೆ ಕುಂಡ್ರಿಸಿದೆ. ನಿನ್ನ ಗೆರಿ ಒಳಗ ಐತಿ, ಬೇಕಾರ ಅಳದು ನೋಡು,” ಎಂದ ದಿಲಾವರ. “ತಪ್ಪಾತು ಅಂತೀ ಅಂತ ಕಾದೆ. ಖಯಾಮತ್ ಬಂದು ಜಗತ್ತು ಮುಳುಗಿದ್ರೂ ನಿನ್ನ ಬಾಯಾಗಿಂದ ಬರಂಗಿಲ್ಲ.”

“ತಪ್ಪಾತೋ ಮಾರಾಯಾ,” ಎಂದ ಜಯತೀರ್ಥ.

ದಿಲಾವರ ಎಲೆಯ ತೊಟ್ಟು ಮುರಿದು, ಸುಣ್ಣ ಸವರಿ ಕೊಟ್ಟ. ಅಷ್ಟರಲ್ಲಿ ಸಮಿತಿಯ ಅಧ್ಯಕ್ಷರ ಫೋನು. ಇಂಥದೇ ಪೇಟೆ ಕಟ್ಟಬೇಕೆಂದು ಹಾನಗಲ್ಲಿನವರು ನೋಡಲು ಬಂದು ಫಲಕದ ಹತ್ತಿರ ನಿಂತಿದ್ದಾರಂತೆ. ಜಯತೀರ್ಥ ಈಗಲೇ ಬಂದು ನಾಲ್ಕು ಹೆಜ್ಜೆ ನಡೆದು ತೋರಿಸಬೇಕಂತೆ.

“ಬರ್ಲಿಕ್ಕೆ ಆಗೂದಿಲ್ರಿ,” ಎಂದ ಜಯತೀರ್ಥ, ಬಾಯಿ ತುಂಬ ಎಲೆ ಇಟ್ಟುಕೊಂಡು. “ಕೂತೇನಿ.”