ದೇವರ ಗಡಿಗೆ

ಖಾಲಿ ಇರಬೇಕಾದ ಗಡಿಗೆ ಕೈಗೆ ಭಾರವಾಗಿ ಬಂತು. ಗಾಬರಿಯಿಂದ ಒಳಗೆ ಇಣುಕಿದೆ. ಜೋಳವಿತ್ತು!

ಯುದ್ಧಕಾಲ. ನಮ್ಮೂರು ದುಂಡಸಿಯಲ್ಲಿ ಕಾಳಿಗೆ ತತ್ವಾರ. ನಮ್ಮ ಕ್ರೈಸ್ತ ಮನೆಗಳಲ್ಲಿ ದಿನಾ ಬೀಸುವ ಮೊದಲು ಒಂದು ಹಿಡಿ ಜೋಳವನ್ನು ದೇವರ ಗಡಿಗೆಗೆ ಹಾಕಿ, ಭಾನುವಾರ ಪ್ರಾರ್ಥನೆಗೆ ಒಯ್ಯುವ ರೂಢಿ. ಎದೆಹಾಲು ಕೂಸಿಗೆ ಸಾಲದೆ, ಆ ವಾರ ದೇವರ ಹಿಡಿಯನ್ನೂ ಕದ್ದು ಬೀಸಿಕೊಂಡು ಉಂಡಿದ್ದೆ.

ಒಲೆಯ ಮುಂದೆ ಕೂತಿದ್ದ ಅತ್ತೆಯ ಬಳಿ ಹೋಗಿ, “ಅತ್ತೀ, ಈ ವಾರ ನಾ ಒಂದು ಕಾಳೂ ಹಾಕಿಲ್ರೀ” ಎಂದು ಅತ್ತುಬಿಟ್ಟೆ.

ಅವರು ರೊಟ್ಟಿ ತಿರುವಿ ಹಾಕಿದರು. “ಸೋಮವಾರನ ಗೊತ್ತಾತವ್ವಾ. ನಾ ದಿನಾ ಒಂದು ರೊಟ್ಟಿ ಕಡಿಮಿ ತಿಂದು ನಿನ್ನ ಹಿಡಿ ಹಾಕಾಕತ್ತೇನಿ. ನೀ ಹಾಲ ಕುಡಸಾಕಿ, ಹೊಟ್ಟಿ ತುಂಬ ಉಣ್ಣು. ಕೂಸು ಗಟ್ಟಿ ಆಗೂಮಟ ನನ್ನ ಕೈ ಐತಿ.”

ಅವತ್ತು ಅಂಜದೆ ಉಂಡೆ.

ಈಗ ನನ್ನ ಸೊಸೆಯ ಮಡಿಲಲ್ಲಿ ಎಳೆಗೂಸಿದೆ. ಒಂದೊಂದು ದಿನ ಅವಳು ಗಡಿಗೆಯ ಕಡೆ ನೋಡದೆ ಅಡುಗೆಗೆ ಕೂರುತ್ತಾಳೆ. ಅವತ್ತು ನಾನು ಒಂದು ರೊಟ್ಟಿ ಕಡಿಮೆ ತಿನ್ನುತ್ತೇನೆ. ಹಿಡಿ ಮಾತ್ರ ಇವತ್ತಿನವರೆಗೂ ತಪ್ಪಿಲ್ಲ.