ದ್ಯಾವಮ್ಮ ಓದಿದ ಚಿತ್ರ

ಬೀಸುವ ಕಲ್ಲಿನ ಮೇಲೆ ಯಾರಾದರೂ ಕೂತದ್ದು ಕಂಡರೆ ದ್ಯಾವಮ್ಮ ಅದು ಯಾರ ಮನೆಯೆಂದು ನೋಡುತ್ತಿರಲಿಲ್ಲ. "ಏಳ್ರಿ ಮ್ಯಾಲ! ಹೊಟ್ಟಿಗಿ ಹಾಕೂ ಕಲ್ಲದು, ನಿಮ್ಮ ಕುರ್ಚಿ ಅಲ್ಲ" ಎಂದು ಎಬ್ಬಿಸಿಯೇ ತೀರುತ್ತಿದ್ದಳು. ಶಹಾಪುರದಿಂದ ಉಳಿ, ಸುತ್ತಿಗೆ ಚೀಲದಲ್ಲಿ ಹಾಕಿಕೊಂಡು ಸುರಪುರಕ್ಕೆ ಬಂದು, ಸವೆದು ನುಣುಪಾದ ತೊಗರಿ ಒಡೆಯುವ ಕಲ್ಲುಗಳಿಗೆ ಹೊಸ ಹಲ್ಲು ಹೊಡೆದು ಹೋಗುವುದು ಅವಳ ಕಸುಬು. ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತಿತ್ತು. ನನಗೆ ಅದು ಬಹಳ ಹಿಡಿಸುತ್ತಿತ್ತು.

ನಾನು ಡ್ರಾಯಿಂಗ್ ಮಾಸ್ತರ. ಯುರೋಪಿನ ಪುನರುಜ್ಜೀವನ ಕಾಲದಲ್ಲಿ ತಾಮ್ರದ ತಗಡಿನ ಮೇಲೆ ಕೊರೆದು ಅಚ್ಚು ಹಾಕಿದ ಚಿತ್ರವೊಂದರ ಪ್ರತಿ ನಮ್ಮ ಪಡಸಾಲೆಯ ಗೋಡೆಯ ಮೇಲಿತ್ತು. ರೆಕ್ಕೆಯ ಹೆಂಗಸೊಬ್ಬಳು ಕೆನ್ನೆಗೆ ಮುಷ್ಟಿ ಊರಿ ಕೂತಿದ್ದಾಳೆ. ಕಾಲಬುಡದಲ್ಲಿ ಗರಗಸ, ಮೊಳೆ, ಮಲಗಿದ ನಾಯಿ. ಪಕ್ಕದಲ್ಲಿ ಗಾಲಿಯಂಥ ದುಂಡುಕಲ್ಲಿನ ಮೇಲೊಂದು ರೆಕ್ಕೆಯ ಕೂಸು. ಪಂಡಿತರು ಅದಕ್ಕೆ ಹೇಳದ ಅರ್ಥವಿಲ್ಲ. ಚಿಂತೆ ಅಂತ ಒಬ್ಬರು, ಗ್ರಹಚಾರ ಅಂತ ಇನ್ನೊಬ್ಬರು. ಅವನ್ನೆಲ್ಲ ಓದಿ ನನಗೆ ತಲೆ ಕೆಟ್ಟುಹೋಗಿತ್ತು.

ಒಂದು ದಿನ ದ್ಯಾವಮ್ಮ ನಮ್ಮ ಕಲ್ಲು ಹೊಡೆಯುವುದನ್ನು ಬಿಟ್ಟು ಚಿತ್ರದ ಮುಂದೆ ಬಂದು ನಿಂತಳು.

"ಬೀಸೂ ಕಲ್ಲ ಮ್ಯಾಲ ಕೂಸಿನ ಕುಂದ್ರಸ್ಯಾರಲ್ರೀ! ಅಂಚು ನೋಡ್ರಿ, ಮುಕ್ಕಾಗ್ಯದ. ಬೀಸೂದು ನಿಂತು ಭಾಳ ದಿನಾ ಆಗ್ಯದ. ಸಾಮಾನೆಲ್ಲಾ ಅದ, ಕೆಲಸಾ ನಿಂತದ. ಈಕಿಗಿ ಚಿಂತಿ ಅಲ್ರಿ ಮಾಸ್ತರ, ಸಿಟ್ಟು. ಕಣ್ಣು ನೋಡ್ರಿ."

ನೋಡಿದೆ. ಸಿಟ್ಟೇ. ಅಂದಿನಿಂದ ಆ ಚಿತ್ರ ನನಗೆ ಬೇರೆ ಥರ ಕಾಣಲೇ ಇಲ್ಲ.

ಯಾದಗಿರಿಯಲ್ಲಿ ಡ್ರಾಯಿಂಗ್ ಮಾಸ್ತರರ ಕಮ್ಮಟವಿತ್ತು. ಆ ಚಿತ್ರದ ಅರ್ಥ ಹೇಳಲೆಂದು ನಾನೇ ಅವಳನ್ನು ಕರೆದೊಯ್ದೆ. ಹೊರಗಿನಿಂದ ಬಂದ ತಜ್ಞನೊಬ್ಬ ಅವಳ ಮಾತು ಮುಗಿಯುವ ಮೊದಲೇ ನಕ್ಕ. "ಅಮ್ಮಾ, ಅದು ಬೀಸುವ ಕಲ್ಲಲ್ಲ, ಕಾಲಚಕ್ರ. ಇದನ್ನೆಲ್ಲ ಕಲಿತವರಿಗೆ ಬಿಡಿ." ಸಭೆಯೂ ನಕ್ಕಿತು. ಹುಟ್ಟಿದಾಗಿನಿಂದ ಕಲ್ಲು ಹೊಡೆದವಳಿಗೆ ಕಲ್ಲು ಯಾವುದೆಂದು ಹೇಳಿಕೊಡಲು ಬಂದಿದ್ದ ಮಹಾಶಯ!

ದ್ಯಾವಮ್ಮ ನನ್ನ ಕಡೆ ತಿರುಗಿದಳು. "ಮಾಸ್ತರ, ನೀವಾದ್ರೂ ಹೇಳ್ರಿ."

ನಾನು ತಲೆ ತಗ್ಗಿಸಿ ಕೈಯಲ್ಲಿದ್ದ ಕಾಗದ ಮಡಿಚುತ್ತ ಕೂತೆ. ಹೇಡಿ! ಅವನ ಮೇಲಿನ ಸಿಟ್ಟು ಎಂದೋ ಆರಿದೆ. ನನ್ನ ಮೇಲಿನದು ಇನ್ನೂ ಆರಿಲ್ಲ.

ಆಮೇಲೆ ಅವಳು ನಮ್ಮ ಮನೆಗೆ ಬರಲಿಲ್ಲ. ಕಲ್ಲು ಸವೆದು ತೊಗರಿ ಒಡೆಯದಾಯಿತು. ಬೇರೆಯವರಿಂದ ಹೊಡೆಸಲು ಮನಸ್ಸಾಗಲಿಲ್ಲ. ಅವಳು ತೀರಿಕೊಳ್ಳುವ ಹಿಂದಿನ ವರ್ಷ ಶಹಾಪುರದ ಬಸ್ ನಿಲ್ದಾಣದಲ್ಲಿ ಸಿಕ್ಕಿದ್ದಳು. ಅದೇ ಕೊನೆ.

"ಆ ಮನುಷ್ಯ ನಕ್ಕದ್ದು ತಪ್ಪು, ದ್ಯಾವಮ್ಮ" ಅಂದೆ.

ಅವಳು ದನಿ ಏರಿಸಲಿಲ್ಲ. ಬೈದಿದ್ದರೆ ಬದುಕುತ್ತಿದ್ದೆ.

"ಅಂವಗ ಗೊತ್ತಿರಲಿಲ್ಲ, ನಕ್ಕ. ನಿಮಗ ಗೊತ್ತಿತ್ತಲ್ರಿ."